ರಾಜರ ಕಾಲವೇ ಮೇಲಿತ್ತು ಎನ್ನುವವರ ಬಗ್ಗೆ ವಿಧಾನಸಭೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಭಾಧ್ಯಕ್ಷರು ಹಾಗೂ ಸಮಸ್ತ ಮಾನ್ಯ ಸದಸ್ಯರು,
ಕರ್ನಾಟಕ ವಿಧಾನಸಭೆ, ವಿಧಾನಸೌಧ, ಬೆಂಗಳೂರು.

ವಿಷಯ: ಜಿಲ್ಲಾ ಹಾಗೂ ತಾಲ್ಲೂಕು ಪಂಚಾಯಿತಿಗಳ ಚುನಾವಣೆ ನಡೆಸುವ ಬಗ್ಗೆ, ಅದರ ಜೊತೆಗೇ, ಅರಸೊತ್ತಿಗೆಯೇ ಒಳ್ಳೆಯದಿತ್ತೆಂದು ನಮ್ಮ ಮಕ್ಕಳು ಆಡತೊಡಗಿರುವ ಮಾತಿನ ಬಗ್ಗೆ.

ಮಾನ್ಯರೇ,

ನಾನು ಮಂಡ್ಯ ಸೀಮೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಯಾವ ಪಕ್ಷದ ಸದಸ್ಯನೂ ಅಲ್ಲ. ನನಗಾಗಿ ಏನನ್ನೂ ಕೇಳಲು ಈ ಪತ್ರ ಬರೆಯುತ್ತಿಲ್ಲ. ಮೂರು ದಶಕ ಮಕ್ಕಳಿಗೆ ಹೇಳಿಕೊಟ್ಟ ಪಾಠವನ್ನು ಇಂದು ನನ್ನ ಎದುರೇ ನಿಂತು ಅದೇ ಮಕ್ಕಳು ತಳ್ಳಿಹಾಕುತ್ತಿರುವಾಗ, ಅದಕ್ಕೆ ಉತ್ತರ ಹೇಳುವ ಹೊಣೆ ಮೇಷ್ಟ್ರೊಬ್ಬನದೇ ಅಲ್ಲ, ತಮ್ಮದೂ ಹೌದು ಎನಿಸಿದ್ದರಿಂದ ಬರೆಯುತ್ತಿದ್ದೇನೆ.

2025ರ ದಸರೆಯ ಜಂಬೂಸವಾರಿಯನ್ನು ನಮ್ಮೂರಿನ ಟೀ ಅಂಗಡಿಯ ಟಿವಿಯಲ್ಲಿ ನಾಲ್ಕು ಜನರ ಜೊತೆ ಕೂತು ನೋಡುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿರುವವನು, "ನಮಗೆ ಈ ಎಲೆಕ್ಷನ್ನು, ಪಾರ್ಟಿ ಯಾವುದೂ ಬೇಡ ಸಾರ್, ಮಹಾರಾಜ್ರೇ ಇದ್ದಿದ್ರೆ ಸಾಕಾಗಿತ್ತು" ಎಂದ. ಬೆಂಚಿನ ಮೇಲಿದ್ದ ಇತರ ಹುಡುಗರೂ ತಲೆಯಾಡಿಸಿದರು. ಅಂಗಡಿಯವರು ಲೋಟ ತೊಳೆಯುತ್ತಲೇ, "ಅವ್ರು ಕಟ್ಟೆ ಕಟ್ಟಿದ್ರು, ಇವ್ರು ಮನೆ ಕಟ್ಕೊಂಡ್ರು" ಎಂದು ಒಂದು ಮಾತು ಸೇರಿಸಿದರು. ನಮ್ಮ ಕಡೆ ಕಟ್ಟೆ ಎಂದರೆ ಕನ್ನಂಬಾಡಿ ಕಟ್ಟೆ, ಮನೆ ಎಂದರೆ ಯಾರ ಮನೆ ಎಂಬುದನ್ನು ತಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ನಕ್ಕರು. ಆ ಹುಡುಗನಿಗೆ ಕೊಡಬೇಕಾದ ಉತ್ತರ ನನ್ನ ಬಾಯಲ್ಲೇ ಇತ್ತು, ಆದರೆ ಹೊರಗೆ ಬರಲಿಲ್ಲ. ಅದಕ್ಕೆ ಕಾರಣ ಎಂಟು ದಿನ ಮೊದಲು ನಾನು ಕಂಡು ಬಂದಿದ್ದ ಒಂದು ಮರದ ಹಲಗೆ.

ನಮ್ಮೂರಿನ ಕಿರಿಯ ಪ್ರಾಥಮಿಕ ಶಾಲೆಯ ಎರಡು ಕೊಠಡಿಗಳ ಸೂರು ಮಳೆಗಾಲದಲ್ಲಿ ಸೋರುತ್ತದೆ. ಒಂದರಲ್ಲಿ ಗಾರೆ ಉದುರಿ ಕಬ್ಬಿಣ ಕಾಣುತ್ತಿದೆ. ಮಳೆ ಬಂದ ದಿನ ಮೂರು ತರಗತಿಗಳ ಮಕ್ಕಳನ್ನು ಜಗಲಿಯ ಮೇಲೆ ಒಟ್ಟಿಗೆ ಕೂರಿಸುತ್ತಾರೆ. ಇದಕ್ಕೆ ಸಂಬಂಧಿಸಿದ ಅರ್ಜಿಯನ್ನು ಊರವರ ಪರವಾಗಿ ಹಿಡಿದುಕೊಂಡು ತಾಲ್ಲೂಕು ಪಂಚಾಯಿತಿ ಕಚೇರಿಗೆ ಹೋಗಿದ್ದು ಅದು ನಾಲ್ಕನೆಯ ಸಲ. ಅಧಿಕಾರಿಗಳು ಮೀಟಿಂಗಿಗೆ ಹೋಗಿದ್ದರು. ಕಾಯುತ್ತಾ ಸಭಾಂಗಣದ ಬಾಗಿಲಲ್ಲಿ ನಿಂತೆ. ಒಳಗಿನ ಗೋಡೆಯ ಮೇಲೆ ಈವರೆಗಿನ ಅಧ್ಯಕ್ಷರ ಹೆಸರುಗಳನ್ನು ಹಳದಿ ಬಣ್ಣದಲ್ಲಿ ಬರೆದ ಹಲಗೆ ತೂಗುಹಾಕಿತ್ತು: ಕ್ರಮ ಸಂಖ್ಯೆ, ಹೆಸರು, ಇಂದ, ವರೆಗೆ. ಕೊನೆಯ ಸಾಲಿನ "ವರೆಗೆ" ಎಂಬ ಕಾಲಂನಲ್ಲಿ 2021 ಎಂದಿತ್ತು. ಅದರ ಕೆಳಗೆ ಬರಿಯ ಮರ. ಇನ್ನೂ ಐದಾರು ಹೆಸರಿಗೆ ಸಾಲುವಷ್ಟು ಜಾಗ ಬಿಟ್ಟು ಗೆರೆ ಎಳೆದಿದ್ದ ಆ ಪೇಂಟರು, ಐದು ವರ್ಷಕ್ಕೊಮ್ಮೆ ತನಗೆ ಕೆಲಸ ಸಿಗುತ್ತದೆಂದು ಸಂವಿಧಾನವನ್ನು ನಂಬಿದ್ದನೆಂದು ಕಾಣುತ್ತದೆ.

ಸಂವಿಧಾನದ 243-ಇ ವಿಧಿ ಪಂಚಾಯಿತಿಗಳ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಲ್ಲ ಎನ್ನುತ್ತದೆ. ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿದಿರಬೇಕು ಎನ್ನುತ್ತದೆ. ನಮ್ಮ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. ಅಂದಿನಿಂದ ನಾಲ್ಕು ವರ್ಷ ದಾಟಿದರೂ ಚುನಾವಣೆ ಇಲ್ಲ. ಒಮ್ಮೆ ಕ್ಷೇತ್ರ ಮರುವಿಂಗಡಣೆಯ ನೆಪ, ಇನ್ನೊಮ್ಮೆ ಮೀಸಲಾತಿ ಪಟ್ಟಿಯ ನೆಪ, ನಡುವೆ ನ್ಯಾಯಾಲಯದ ವಾಯಿದೆಗಳು. ಈ ಅವಧಿಯಲ್ಲಿ ಸರ್ಕಾರ ಒಂದು ಪಕ್ಷದಿಂದ ಇನ್ನೊಂದು ಪಕ್ಷಕ್ಕೆ ಹೋಯಿತಾದ್ದರಿಂದ ಈ ದೂರನ್ನು ಒಬ್ಬರ ತಲೆಗೇ ಕಟ್ಟುವಂತಿಲ್ಲ. ಈ ಒಂದು ವಿಷಯದಲ್ಲಿ ಸದನದ ಎರಡೂ ಬದಿಯವರ ನಡುವೆ ಒಳ್ಳೆಯ ಹೊಂದಾಣಿಕೆ ಇದೆ. ಬೆಂಗಳೂರಿನವರ ಪಾಡೂ ಭಿನ್ನವಲ್ಲ: ಅಲ್ಲಿನ ಪಾಲಿಕೆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಆ ಬಳಿಕ ಐದು ವರ್ಷ, ಅಂದರೆ ಒಂದು ಪೂರ್ತಿ ಅವಧಿಯೇ, ರಾಜಧಾನಿಯ ವಾರ್ಡುಗಳಿಗೆ ಚುನಾಯಿತ ಸದಸ್ಯರಿಲ್ಲದೆ ಕಳೆದುಹೋಯಿತು.

ಆ ದಿನ ಮಧ್ಯಾಹ್ನ ಟಪಾಲು ವಿಭಾಗದವರು ಅರ್ಜಿಗೆ ಮೊಹರು ಒತ್ತಿ, "ಅನುದಾನ ಬೇಕಂದ್ರೆ ಎಂಎಲ್ಎ ಹತ್ರ ಲೆಟರ್ ತನ್ನಿ ಮೇಷ್ಟ್ರೇ" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮರುದಿನ ಬೆಳಿಗ್ಗೆ ಏಳಕ್ಕೆ ಶಾಸಕರ ಮನೆಯ ಮುಂದೆ ನಿಂತೆ. ನನಗಿಂತ ಮುಂದೆ ನಲವತ್ತು ಜನರಿದ್ದರು. ಮಗಳ ವರ್ಗಾವಣೆಗೆ ಬಂದವರು, ಆಸ್ಪತ್ರೆ ಖರ್ಚಿಗೆ ಬಂದವರು, ಪಹಣಿಯಲ್ಲಿ ತಪ್ಪಾದ ಒಂದಕ್ಷರ ತಿದ್ದಿಸಲು ಮೂರು ತಿಂಗಳು ಅಲೆದು ಸೋತು ಬಂದವರು. ಒಬ್ಬ ಮುದುಕ ಒಂದು ಗೊನೆ ಬಾಳೆಹಣ್ಣು ತಂದಿದ್ದ. ಶಾಸಕರು ಹೊರಬಂದಾಗ ಜನ ಎದ್ದರು, ಕೈಮುಗಿದರು, ಕೆಲವರು ಕಾಲಿಗೂ ಬಿದ್ದರು. ನನ್ನ ಅರ್ಜಿಯ ಮೂಲೆಯಲ್ಲಿ ಹಸಿರು ಇಂಕಿನಲ್ಲಿ "ಪರಿಶೀಲಿಸಿ ಕ್ರಮ ವಹಿಸಿ" ಎಂದು ಬರೆದು ಸಹಿ ಹಾಕಿದರು. ನನ್ನೊಂದಿಗೆ ಗೌರವದಿಂದಲೇ ಮಾತನಾಡಿದರು ಎಂಬುದನ್ನೂ ಹೇಳಬೇಕು. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅನಿಸಿದ್ದು, ಇಷ್ಟು ಹೊತ್ತು ನಾನು ಕೂತಿದ್ದುದು ಒಂದು ದರ್ಬಾರಿನಲ್ಲಿ ಎಂದು. ಹೀಗಿರುವಾಗ, ದರ್ಬಾರೇ ನಡೆಯುವುದಾದರೆ ಅದನ್ನು ಚಿನ್ನದ ಸಿಂಹಾಸನದ ಮೇಲೆ ಕೂತವರೇ ನಡೆಸಲಿ ಎಂದು ಹುಡುಗನೊಬ್ಬ ಹೇಳಿದರೆ ಅವನಿಗೆ ಏನೆಂದು ತಿಳಿಹೇಳುವುದು?

ಆದರೂ ಆ ಹುಡುಗ ಹೇಳಿದ್ದು ತಪ್ಪು. ಯಾಕೆ ತಪ್ಪು ಎಂಬುದನ್ನು ತಮ್ಮ ಮುಂದೆ ಸ್ವಲ್ಪ ವಿವರವಾಗಿ ಇಡುತ್ತೇನೆ, ಯಾಕೆಂದರೆ ನನ್ನ ಬೇಡಿಕೆ ಹುಟ್ಟುವುದು ಅಲ್ಲಿಂದಲೇ.

ಮೈಸೂರು ಸಂಸ್ಥಾನದ ಹೆಗ್ಗಳಿಕೆಯನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ನಮ್ಮ ಮನೆಯ ನಡುಮನೆಯಲ್ಲಿ ಇಂದಿಗೂ ನಾಲ್ವಡಿ ಕೃಷ್ಣರಾಜ ಒಡೆಯರ ಪಟವಿದೆ, ದೇವರ ಪಟಗಳ ಸಾಲಿನಲ್ಲೇ ಇದೆ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ, 1911ರಲ್ಲಿ ಕಟ್ಟೆಯ ಕೆಲಸ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, ಆಮೇಲೆ ಭದ್ರಾವತಿಯ ಕಬ್ಬಿಣ. ಬ್ರಿಟಿಷರಿಗೆ ವರ್ಷವರ್ಷವೂ ಲಕ್ಷಗಟ್ಟಲೆ ಪೊಗದಿ, ಅಂದರೆ ಕಪ್ಪ, ತೆರುತ್ತಿದ್ದ ಒಂದು ಬಡ ನಾಡು ಇಷ್ಟನ್ನು ಮಾಡಿತೆಂದರೆ ಅದು ಸಣ್ಣ ಮಾತಲ್ಲ. ಗಾಂಧೀಜಿ ನಾಲ್ವಡಿಯವರನ್ನು ರಾಜರ್ಷಿ ಎಂದದ್ದು ಸುಮ್ಮನೆ ಅಲ್ಲ.

ಆದರೆ ನೂರು ವರ್ಷ ಹಿಂದಕ್ಕೆ ಹೋಗೋಣ. ಅದೇ ಮನೆತನ, ಅದೇ ಸಿಂಹಾಸನ. ಮುಮ್ಮಡಿ ಕೃಷ್ಣರಾಜ ಒಡೆಯರು ವಿದ್ವಾಂಸರು, ಕಲಾಪೋಷಕರು, ಉದಾರಿಗಳು. ಅವರ ಕಾಲದಲ್ಲಿ, ಇಷ್ಟು ಕಂದಾಯ ತಂದುಕೊಟ್ಟೇ ತೀರುತ್ತೇವೆಂದು ಕರಾರು ಬರೆದುಕೊಟ್ಟ ಅಮಲ್ದಾರರು ರೈತರನ್ನು ಹಿಂಡಿದರು. 1830ರಲ್ಲಿ ಶಿವಮೊಗ್ಗ ಕಡೆಯ ನಗರ ಸೀಮೆಯ ರೈತರು ಕೂಟ ಸೇರಿದರು, ಕಂದಾಯ ಕೊಡುವುದಿಲ್ಲವೆಂದರು, ಅದು ದಂಗೆಯಾಯಿತು. ರೈತನಿಗೆ ಅರಮನೆಯವರೆಗೆ ದೂರು ಮುಟ್ಟಿಸುವ ಯಾವ ನಿಯತ ದಾರಿಯೂ ಇರಲಿಲ್ಲ, ಆದ್ದರಿಂದ ಅವನು ಕೋವಿ, ಕತ್ತಿ ಹಿಡಿದ. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಇಂಗ್ಲಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಐವತ್ತು ವರ್ಷ ಮೈಸೂರಿನಲ್ಲಿ ರಾಜರಿದ್ದೂ ರಾಜ್ಯಭಾರ ಇರಲಿಲ್ಲ. ಆ ಐವತ್ತು ವರ್ಷದ ಕೊನೆಯಲ್ಲಿ, 1876ರಿಂದ 78ರವರೆಗಿನ ಬರದಲ್ಲಿ, ಸಂಸ್ಥಾನದ ಐವರಲ್ಲಿ ಒಬ್ಬರಂತೆ ಜನ ಸತ್ತರು. ನಮ್ಮ ಹಿರಿಯರು ಧಾತು ಸಂವತ್ಸರದ ಬರ ಎನ್ನುತ್ತಿದ್ದುದು ಇದನ್ನೇ. ರಾಜನೂ ಅಲ್ಲದ, ಪ್ರಜೆಗಳೂ ಅಲ್ಲದ, ಇಬ್ಬರಿಗೂ ಉತ್ತರ ಕೊಡಬೇಕಾಗಿಲ್ಲದ ಕಮಿಷನರುಗಳ ಆಡಳಿತದಲ್ಲಿ ಆದದ್ದು ಅದು. ಸ್ವತಂತ್ರ ಪತ್ರಿಕೆಗಳೂ ನಿಯತವಾದ ಚುನಾವಣೆಗಳೂ ಇರುವ ದೇಶದಲ್ಲಿ ಅಂಥ ಮಹಾಕ್ಷಾಮ ಬಾರದು ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ವಾದಿಸಿದ್ದನ್ನು ಓದಿದಾಗಲೆಲ್ಲ ನನಗೆ ನೆನಪಾಗುವುದು ಧಾತು ಬರ.

1881ರ ಮಾರ್ಚಿನಲ್ಲಿ ರಾಜ್ಯ ಒಡೆಯರ ಕೈಗೆ ಮರಳಿ ಬಂದಾಗ, ಅದು ಹಳೆಯ ರೂಪದಲ್ಲಿ ಬರಲಿಲ್ಲ. ಷರತ್ತುಗಳ ಪತ್ರದೊಂದಿಗೆ ಬಂತು. ದಿವಾನರು, ಅವರ ಕೌನ್ಸಿಲ್ಲು, ಲೆಕ್ಕಪತ್ರ, ಮೇಲೆ ಕಾವಲಿಗೆ ಬ್ರಿಟಿಷ್ ರೆಸಿಡೆಂಟರು. ಅದೇ ವರ್ಷದ ಅಕ್ಟೋಬರಿನಲ್ಲಿ, ದಸರೆಯ ಹೊತ್ತಿಗೆ, ದಿವಾನ್ ರಂಗಾಚಾರ್ಲು ಅವರು 144 ಜನರ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ವರ್ಷದ ಆದಾಯ ಎಷ್ಟು, ಖರ್ಚು ಎಷ್ಟು, ಏನು ಕೆಲಸವಾಯಿತು ಎಂದು ದಿವಾನರು ಓದಿ ಹೇಳುವುದು, ತಾಲ್ಲೂಕುಗಳಿಂದ ಬಂದವರು ಕೆರೆ ಏರಿ, ರಸ್ತೆ, ಶಾಲೆ, ಕಂದಾಯದ ಅಹವಾಲು ಹೇಳುವುದು, ಅದನ್ನೆಲ್ಲ ಅಚ್ಚು ಹಾಕಿಸುವುದು. ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಮುಂದೆ ಚುನಾವಣೆ ಬಂದಾಗಲೂ ಮತ ಹಾಕಬಹುದಾಗಿದ್ದವರು ಇಂತಿಷ್ಟು ಕಂದಾಯ ಕಟ್ಟುವವರು, ಪದವೀಧರರು, ಇಂಥ ಕೆಲವರು ಮಾತ್ರ. ನಮ್ಮ ಅಜ್ಜನಂಥ ಎರಡೆಕರೆ ಒಕ್ಕಲಿಗ ಅದರ ಬಾಗಿಲನ್ನೂ ಕಂಡವನಲ್ಲ. ಆದರೂ ವರ್ಷಕ್ಕೊಮ್ಮೆ ಆಡಳಿತ ಪ್ರಜೆಗಳ ಮುಂದೆ ಕೂತು ಕೇಳಿಸಿಕೊಳ್ಳುವ ಒಂದು ಪದ್ಧತಿ ನಿಂತಿತು.

ಇಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: 1831ರಲ್ಲಿ ರಾಜ್ಯ ಕಳೆದುಕೊಂಡ ಅರಸೊತ್ತಿಗೆಗೂ ಕಟ್ಟೆ ಕಟ್ಟಿಸಿದ ಅರಸೊತ್ತಿಗೆಗೂ ನಡುವೆ ವ್ಯತ್ಯಾಸ ರಕ್ತದಲ್ಲಿ ಇರಲಿಲ್ಲ. ಎರಡನೆಯದಕ್ಕೆ ಕಡಿವಾಣವಿತ್ತು, ಲೆಕ್ಕ ಕೇಳುವವರಿದ್ದರು. ಹುಡುಗರು ಮಹಾರಾಜರ ಕಾಲ ಎಂದು ನೆನೆಯುವುದು ಅರ್ಧಕ್ಕರ್ಧ ಪ್ರಜಾಪ್ರಭುತ್ವದ ಎಳೆಯ ರೂಪವನ್ನೇ, ಅವರಿಗೆ ಅದು ಗೊತ್ತಿಲ್ಲ. ಹಿಂದುಳಿದ ಜಾತಿಗಳಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಿಸಿದ ಮಿಲ್ಲರ್ ಸಮಿತಿಯನ್ನೇ ನೋಡಿ. ಅದನ್ನು ನಾಲ್ವಡಿಯವರು 1918ರಲ್ಲಿ ನೇಮಿಸಿದ್ದು ಅವರ ದೊಡ್ಡತನ. ಆದರೆ ಅದಕ್ಕೆ ಮುಂಚೆ ಪ್ರಜಾಮಿತ್ರ ಮಂಡಳಿ ಎಂಬ ಸಂಘ ಕಟ್ಟಿಕೊಂಡು ಅವರ ಬಳಿಗೆ ಹೋಗಿ ಕೇಳಿದವರು ಪ್ರಜೆಗಳು. ದಿವಾನ್ ವಿಶ್ವೇಶ್ವರಯ್ಯನವರಿಗೆ ಆ ವಿಷಯದಲ್ಲಿ ಸಮ್ಮತಿ ಇರಲಿಲ್ಲ. ಕಟ್ಟೆ ಕಟ್ಟಿಸಿದ ಮಹಾನುಭಾವರು ಕೂಡ ಎಲ್ಲದರಲ್ಲೂ ಎಲ್ಲರ ಪರವಾಗಿ ಇರಲಾರರು, ಅದಕ್ಕೇ ಕೇಳುವವರು ಬೇಕಾಗುತ್ತದೆ.

ಆ ಕಾಲದ ಇನ್ನೊಂದು ಮುಖವನ್ನು ದಸರೆಯ ನೇರಪ್ರಸಾರದಲ್ಲಿ ಯಾರೂ ತೋರಿಸುವುದಿಲ್ಲ. ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಇಂಗ್ಲಿಷ್ ಕಂಪನಿಗಳ ಕೈಯಲ್ಲಿದ್ದ ಕೋಲಾರದ ಚಿನ್ನದ ಗಣಿಗೆ. ತಂತಿ ಹಾದುಹೋದ ದಾರಿಯ ಹಳ್ಳಿಗಳು ಎಷ್ಟೋ ಕಾಲ ಕತ್ತಲಲ್ಲೇ ಇದ್ದವು. ಕಟ್ಟೆಯಿಂದ ಇರ್ವಿನ್ ನಾಲೆ ನಮ್ಮ ಸೀಮೆಗೆ ಬಂದ ಹೊಸದರಲ್ಲೇ, ತಮ್ಮ ಮೇಲೆ ಹೊರಿಸಿದ ವಂತಿಗೆ, ತೆರಿಗೆ ಹೆಚ್ಚಾಯಿತೆಂದು ಮಂಡ್ಯದ ರೈತರು ಬೀದಿಗೆ ಇಳಿಯಬೇಕಾಯಿತು. 1938ರ ಏಪ್ರಿಲ್‌ನಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಿದ್ದಕ್ಕೆ ನಾಯಕರನ್ನು ಹಿಡಿದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರು ಹತ್ತು ಎಂದು ಸರ್ಕಾರ ಹೇಳಿತು, ಮೂವತ್ತೆರಡು ಎಂದು ಜನ ಹೇಳಿದರು. ರಾಜರ್ಷಿಗಳೇ ಪಟ್ಟದಲ್ಲಿದ್ದಾಗ ಆದದ್ದು ಇದು. ಮುಂದೆ 1942ರಲ್ಲಿ ಶಿಕಾರಿಪುರದ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ಆ ಗಲಭೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು, 1943ರಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. 1947ರ ಆಗಸ್ಟ್ 15ರಂದು ದೇಶವೆಲ್ಲ ಸ್ವತಂತ್ರವಾದರೂ ಮೈಸೂರಿಗೆ ಜವಾಬ್ದಾರಿ ಸರ್ಕಾರ, ಅಂದರೆ ಪ್ರಜೆಗಳಿಗೆ ಉತ್ತರ ಕೊಡುವ ಸರ್ಕಾರ, ಸಿಗಲಿಲ್ಲ. ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ವಿರುದ್ಧ "ಆರ್ಕಾಟ್ ಬಾಯ್ಕಾಟ್" ಎಂದು ಕೂಗುತ್ತಾ ಜನ ಜೈಲು ತುಂಬಿ, ಮೈಸೂರು ಚಲೋ ನಡೆಸಿದ ಮೇಲೆಯೇ, ಅಕ್ಟೋಬರ್ ತಿಂಗಳ ಕೊನೆಯಲ್ಲಿ, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ತಾವು ಇಂದು ಕೂತಿರುವ ಪೀಠಗಳ ಹುಟ್ಟು ಆ ತಿಂಗಳಿನದು.

ನಮ್ಮ ಅಜ್ಜ 1938ರಲ್ಲಿ ಶಿವಪುರಕ್ಕೆ ನಡೆದುಕೊಂಡು ಹೋಗಿದ್ದರು. ಬುತ್ತಿಯಲ್ಲಿ ರಾಗಿಮುದ್ದೆ ಕಟ್ಟಿಕೊಂಡು ಹೋಗಿ ಮೂರು ದಿನ ಅಲ್ಲೇ ಇದ್ದು ಬಂದರಂತೆ. ಅದೇ ಅಜ್ಜ ನಾಲ್ವಡಿಯವರು ತೀರಿಕೊಂಡ 1940ರಲ್ಲಿ ತಲೆ ಬೋಳಿಸಿಕೊಂಡು ಅತ್ತರೆಂದು ನಮ್ಮಜ್ಜಿ ಹೇಳುತ್ತಿದ್ದರು. ಒಡೆಯರ ಪಟಕ್ಕೆ ಹೂವಿಡುವುದಕ್ಕೂ ಒಡೆಯರ ಸರ್ಕಾರದ ವಿರುದ್ಧ ಬಾವುಟ ಹಿಡಿಯುವುದಕ್ಕೂ ಅವರಿಗೆ ವಿರೋಧವೇ ಕಾಣಲಿಲ್ಲ. ಚಿಕ್ಕಂದಿನಲ್ಲಿ ನನಗೆ ಇದು ಬಗೆಹರಿಯದ ಸೋಜಿಗವಾಗಿತ್ತು. ಈಗ ನೋಡಿದರೆ ಅವರು ನನಗಿಂತ ಸ್ಪಷ್ಟವಾಗಿ ಯೋಚಿಸಿದ್ದರು. ಪುಣ್ಯವಂತ ದೊರೆಗೆ ಕೈಮುಗಿಯಬಹುದು, ಆದರೆ ಅವನ ಪುಣ್ಯದ ಮೇಲೆ ಮಕ್ಕಳ ಭವಿಷ್ಯವನ್ನು ಬಿಡಲಾಗದು. ಅಜ್ಜಿ 1952ರ ಮೊದಲ ಚುನಾವಣೆಯಲ್ಲಿ ಮತ ಹಾಕಿದರು. ಅವರಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಪ್ರಜಾಪ್ರತಿನಿಧಿ ಸಭೆಯ ಯಾವ ಮತದಾರರ ಪಟ್ಟಿಯಲ್ಲೂ ಅಂಥವರ ಹೆಸರು ಬರುತ್ತಿರಲಿಲ್ಲ.

ಇಷ್ಟಕ್ಕೂ ಮೈಸೂರು ಒಂದೇ ಕರ್ನಾಟಕವಲ್ಲ. ಕಲಬುರಗಿ, ಬೀದರ್, ರಾಯಚೂರಿನ ಸದಸ್ಯರು ಈ ಪತ್ರ ಓದುತ್ತಿದ್ದರೆ ಅವರಿಗೆ ಹೇಳಬೇಕಾದ್ದೇ ಇಲ್ಲ. ಆ ಜಿಲ್ಲೆಗಳಿಗೂ ಒಬ್ಬ ರಾಜನಿದ್ದ, ಹೈದರಾಬಾದಿನ ನಿಜಾಮ, ಆತ ಜಗತ್ತಿನ ಅತಿ ಶ್ರೀಮಂತರಲ್ಲಿ ಒಬ್ಬನೆನಿಸಿಕೊಂಡಿದ್ದ. ಸರ್ಫ್-ಎ-ಖಾಸ್ ಎಂಬ ಹೆಸರಿನ ಜಮೀನುಗಳ ಕಂದಾಯ ನೇರವಾಗಿ ನಿಜಾಮನ ಖಾಸಗಿ ಬೊಕ್ಕಸಕ್ಕೆ ಹೋಗುತ್ತಿತ್ತು. ಮಕ್ಕಳಿಗೆ ಕನ್ನಡ ಶಾಲೆ ಸಿಗುವುದೇ ದುರ್ಲಭವಾಗಿತ್ತು. 1948ರ ಸೆಪ್ಟೆಂಬರ್ 17ರವರೆಗೆ ಅಲ್ಲಿ ಸ್ವಾತಂತ್ರ್ಯದ ದಿನವೇ ಬಂದಿರಲಿಲ್ಲ. ಆ ಸೀಮೆಯ ಹಿಂದುಳಿದಿರುವಿಕೆಗೆ ಪರಿಹಾರವೆಂದು 371-ಜೆ ವಿಧಿಯನ್ನು ಸಂಸತ್ತು ಒಪ್ಪಿದ್ದು 2012ರಲ್ಲಿ. ರಾಜರ ಕಾಲ ಚೆನ್ನಾಗಿತ್ತು ಎನ್ನುವವರು ಯಾವ ರಾಜ, ಯಾವ ಊರು ಎಂಬುದನ್ನೂ ಹೇಳಬೇಕು. ಒಂದು ನಾಡಿನ ಎರಡು ಭಾಗಗಳಿಗೆ ಒಂದೇ ಹೊತ್ತಿನಲ್ಲಿ ಇಂಥ ಇಬ್ಬರು ದೊರೆಗಳು ಸಿಕ್ಕರೆಂದರೆ, ಅದು ಚೀಟಿ ಎತ್ತಿದಂತೆಯೇ ಸರಿ.

ನೆರೆಯವರನ್ನು ನೋಡಿದರೂ ಇದೇ. ನೇಪಾಳದಲ್ಲಿ ರಾಜ ಜ್ಞಾನೇಂದ್ರರು 2005ರ ಫೆಬ್ರುವರಿಯಲ್ಲಿ ಸರ್ಕಾರವನ್ನು ವಜಾ ಮಾಡಿ ತಾವೇ ಆಡಳಿತ ಹಿಡಿದರು, ದೂರವಾಣಿ ಕೂಡ ಕಡಿದರು; ಜನ ಬೀದಿಗೆ ಬಂದು 2006ರಲ್ಲಿ ಅವರನ್ನು ಹಿಂದೆ ಸರಿಸಿ, 2008ರಲ್ಲಿ ಅರಸೊತ್ತಿಗೆಯನ್ನೇ ತೆಗೆದರು. 2025ರ ಮಾರ್ಚಿನಲ್ಲಿ ಅದೇ ರಾಜ ಕಠ್ಮಂಡುವಿಗೆ ಬಂದಿಳಿದಾಗ ಸಾವಿರಾರು ಜನ ಸ್ವಾಗತಕ್ಕೆ ನೆರೆದಿದ್ದರು. ಹದಿನೇಳು ವರ್ಷ ಕುರ್ಚಿಗಾಗಿ ಕಚ್ಚಾಡಿದ ನಾಯಕರು ಮಾಡಿದ ಕೆಲಸ ಅದು. ಆ ಸೆಪ್ಟೆಂಬರಿನಲ್ಲಿ ಅಲ್ಲಿನ ಯುವಕರು ಸರ್ಕಾರವನ್ನೇ ಉರುಳಿಸಿದರು, ಎಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ಇನ್ನು ಭೂತಾನದಲ್ಲಿ ಒಳ್ಳೆಯ ರಾಜನೇ ಇದ್ದ, ಜನರಿಗೆ ಚುನಾವಣೆ ಬೇಕಾಗಿಯೂ ಇರಲಿಲ್ಲ. ಆ ರಾಜನೇ ಹಟ ಹಿಡಿದು, ತನ್ನ ಪಟ್ಟ ಮಗನಿಗೆ ಬಿಟ್ಟು, 2008ರಲ್ಲಿ ದೇಶಕ್ಕೆ ಚುನಾವಣೆ ಕೊಡಿಸಿದ. ಮುಂದಿನವನು ಹೇಗಿರುತ್ತಾನೋ ಯಾರಿಗೆ ಗೊತ್ತು ಎಂಬುದೇ ಅವನ ಚಿಂತೆಯಾಗಿತ್ತು. ಅರಸೊತ್ತಿಗೆಯ ಕುರಿತು ಒಬ್ಬ ಅರಸನೇ ಕೊಟ್ಟ ತೀರ್ಪು ಎಂದು ನಾನು ಇದನ್ನು ತಿಳಿಯುತ್ತೇನೆ.

ಕಷ್ಟದಲ್ಲಿರುವ ನಾಡಿಗೆ ಚುನಾವಣೆ ಏನು ಕೊಟ್ಟಿತು ಎಂಬ ಪ್ರಶ್ನೆಗೂ ನಮ್ಮಲ್ಲೇ ಉತ್ತರವಿದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರರು ಫಾರಂ ನಂಬರ್ 7 ತುಂಬಿ, ಭೂ ನ್ಯಾಯಮಂಡಳಿಯ ಮುಂದೆ ಧಣಿಯ ಎದುರೇ ನಿಂತು ತಮ್ಮ ಹೊಲ ಪಡೆದುಕೊಂಡರು. ಕರಾವಳಿ, ಮಲೆನಾಡಿನ ಸಾವಿರಾರು ಮನೆಗಳ ದೆಸೆ ಒಂದೇ ತಲೆಮಾರಿನಲ್ಲಿ ತಿರುಗಿತು. ಅದನ್ನು ಮಾಡಿಸಿದ ದೇವರಾಜ ಅರಸರು ಅರಮನೆಯ ನೆಂಟಸ್ತಿಕೆಯ ಅರಸು ಮನೆತನದವರು. ಆದರೆ ಹಾಗೆ ಮಾಡುವ ಬಲ ಅವರಿಗೆ ಬಂದದ್ದು ಹುಣಸೂರಿನ ಮತದಾರರಿಂದ. 1987ರಲ್ಲಿ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆಯಾಯಿತು, ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ ದೇಶಕ್ಕೆ ಬರುವ ಮುಂಚೆಯೇ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಕಾಲುಭಾಗ ಸ್ಥಾನ ಮೀಸಲಾಗಿತ್ತು. ಊರೂರಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದರು. ಆಗ ನಾನು ಹೊಸ ಮೇಷ್ಟ್ರು. ಶಾಲೆಯ ಹೆಂಚು ಒಡೆದಿದೆ ಎಂದರೆ ಪರಿಷತ್ತಿನ ಸದಸ್ಯರು ತಾವೇ ಸೈಕಲ್ಲಿನಲ್ಲಿ ಬಂದು ನೋಡಿ ಹೋದದ್ದನ್ನು ಕಂಡಿದ್ದೇನೆ. ಅವರ ಮನೆ ಎರಡು ಮೈಲಿ ದೂರದಲ್ಲಿತ್ತು, ಕೆಲಸವಾಗದಿದ್ದರೆ ಸಂತೆಯಲ್ಲಿ ನಾವು ಹಿಡಿದುಕೊಂಡು ಕೇಳುತ್ತೇವೆಂಬುದು ಅವರಿಗೆ ಗೊತ್ತಿತ್ತು.

ಮೈಸೂರಿನ ಜನರಿಗೆ ಅರಮನೆಯ ಮೇಲಿನ ಪ್ರೀತಿ ಕುರುಡು ಪ್ರೀತಿಯಲ್ಲ ಎಂಬುದಕ್ಕೂ ಸಾಕ್ಷಿ ಇದೆ. ಶ್ರೀಕಂಠದತ್ತ ನರಸಿಂಹರಾಜ ಒಡೆಯರನ್ನು ಅವರು ನಾಲ್ಕು ಸಲ ಲೋಕಸಭೆಗೆ ಕಳಿಸಿದರು, 1991ರಲ್ಲೂ 2004ರಲ್ಲೂ ಸೋಲಿಸಿದರು. 2024ರಲ್ಲಿ ಯದುವೀರ್ ಅವರನ್ನು ಗೆಲ್ಲಿಸಿದರು. ಒಡೆಯರನ್ನೂ ಮತ ಕೇಳುವಂತೆ ಮಾಡಿ, ಬೇಡವೆನಿಸಿದಾಗ ಮನೆಗೆ ಕಳಿಸಿ, ಮತ್ತೆ ದಸರೆಯಲ್ಲಿ ಕೈಮುಗಿದು ನಿಲ್ಲುವ ಈ ಜಾಣ್ಮೆ ನಮ್ಮ ಜನರಿಗೆ ಇದೆ. ಪ್ರಜಾಪ್ರಭುತ್ವಕ್ಕೆ ಜನ ಇನ್ನೂ ತಯಾರಾಗಿಲ್ಲ ಎಂದು ಹೇಳುವವರನ್ನು ನಾನು ಒಪ್ಪುವುದಿಲ್ಲ.

ತಯಾರಾಗದೆ ಇರುವವರು ಯಾರು ಎಂಬುದನ್ನು ಕ್ಷಮೆ ಕೋರಿ ತಮ್ಮ ಮುಂದೆಯೇ ಹೇಳಬೇಕಾಗಿದೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು 2005ರಲ್ಲಿ ಕಾನೂನು ಮಾಡಿಕೊಂಡವರು ತಾವೇ. ಅದನ್ನು ಮುಟ್ಟಿದ ವರ್ಷಗಳನ್ನು ಹುಡುಕಬೇಕು. 2025ರ ಮಾರ್ಚ್ 21ರಂದು, ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದಿದ್ದ ದಿನ, ತಮ್ಮ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆ ಚರ್ಚೆಯೇ ಇಲ್ಲದೆ ಅಂಗೀಕಾರವಾಯಿತು. ಶಾಸಕರಿಗೆ ಒಳ್ಳೆಯ ಸಂಬಳ ಕೊಡಬಾರದೆಂದು ನಾನು ಹೇಳುವುದಿಲ್ಲ, ಕೊಡಬೇಕು. ಆದರೆ ಅದಕ್ಕೆ ಸಿಕ್ಕ ಒಮ್ಮತದಲ್ಲಿ ಕಾಲುಭಾಗ ಪಂಚಾಯಿತಿ ಚುನಾವಣೆಗೆ ಸಿಕ್ಕಿದ್ದರೆ ಆ ಹಲಗೆಯ ಮೇಲೆ ಇನ್ನೊಂದು ಹೆಸರು ಬಂದಿರುತ್ತಿತ್ತು. ಕೆಳಗೆ ಸಾವಿರಕ್ಕೂ ಹೆಚ್ಚು ಜಿಲ್ಲಾ ಪಂಚಾಯಿತಿ ಸದಸ್ಯರು, ಸುಮಾರು ನಾಲ್ಕು ಸಾವಿರ ತಾಲ್ಲೂಕು ಪಂಚಾಯಿತಿ ಸದಸ್ಯರು ಇರಬೇಕಾದ ಜಾಗದಲ್ಲಿ ಯಾರೂ ಇಲ್ಲದಿದ್ದರೆ ಶಾಸಕರ ಮನೆಯ ಮುಂದೆ ಜನ ಸೇರುತ್ತಾರೆ, ಅದು ಕೆಲವರಿಗೆ ಹಿತವಾಗಿಯೂ ಕಾಣುತ್ತದೆ. ಆ ಸ್ಥಾನಗಳಲ್ಲಿ ಅರ್ಧ ಹೆಣ್ಣುಮಕ್ಕಳಿಗೆ ಸೇರಬೇಕಾದವು. ರಾಜರನ್ನು ಮರಳಿ ತರಬೇಕೆನ್ನುವ ಹುಡುಗರಿಂದ ಪ್ರಜಾಪ್ರಭುತ್ವಕ್ಕೆ ದೊಡ್ಡ ಅಪಾಯವಿಲ್ಲ, ಅವರು ಟೀ ಕುಡಿದು ಎದ್ದು ಹೋಗುತ್ತಾರೆ. 224 ಸಣ್ಣ ಸಂಸ್ಥಾನಗಳನ್ನು ಸದ್ದಿಲ್ಲದೆ ಕಟ್ಟಿಕೊಳ್ಳುವುದು ಹಾಗೆ ಎದ್ದು ಹೋಗುವಂಥದ್ದಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇದು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾವಣೆಗೆ ದಿನಾಂಕ ಗೊತ್ತುಪಡಿಸುವಂತೆ ಸದನ ಒಂದು ನಿರ್ಣಯ ಮಾಡಲಿ. ಕ್ಷೇತ್ರ ವಿಂಗಡಣೆಯೂ ಮೀಸಲಾತಿ ಪಟ್ಟಿಯೂ ಅವಧಿ ಮುಗಿಯುವುದಕ್ಕೆ ಆರು ತಿಂಗಳು ಮೊದಲೇ ಸಿದ್ಧವಾಗದಿದ್ದರೆ ಹಳೆಯ ಪಟ್ಟಿಯಂತೆಯೇ ಚುನಾವಣೆ ನಡೆಯತಕ್ಕದ್ದು ಎಂದು ಕಾಯಿದೆಗೆ ತಿದ್ದುಪಡಿ ತನ್ನಿ, ಆಗ ಮುಂದೂಡುವುದರಿಂದ ಯಾರಿಗೂ ಲಾಭ ಉಳಿಯುವುದಿಲ್ಲ.

ಇನ್ನೊಂದು ಬಿನ್ನಹವಿದೆ, ಇದನ್ನು ಮುದುಕನ ಹುಚ್ಚು ಎಂದು ತಳ್ಳಿಹಾಕದಿರಿ. ದಸರೆಯಿಂದ ನಾವು ಆನೆ, ಅಂಬಾರಿ, ಪಂಜಿನ ಕವಾಯತನ್ನು ಉಳಿಸಿಕೊಂಡೆವು, 1881ರ ಆ ಸಭೆಯನ್ನು ಮಾತ್ರ ಬಿಟ್ಟೆವು. ಪ್ರತಿ ದಸರೆಯಲ್ಲಿ ಮೂರು ದಿನ, ಮುಖ್ಯಮಂತ್ರಿಗಳು ಮತ್ತು ಮಂತ್ರಿಗಳು ಮೈಸೂರಿನಲ್ಲಿ ಕೂತು, ತಾಲ್ಲೂಕಿಗೆ ಇಬ್ಬರಂತೆ ಪಂಚಾಯಿತಿಗಳೇ ಆರಿಸಿ ಕಳಿಸಿದವರ ಅಹವಾಲು ಕೇಳಲಿ. ಹಿಂದಿನ ವರ್ಷದ ಅಹವಾಲುಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಆಗಲಿಲ್ಲ ಎಂಬುದನ್ನು ಮೊದಲ ದಿನವೇ ಓದಲಿ, ಅಚ್ಚು ಹಾಕಿಸಿ ಪ್ರತಿ ಗ್ರಾಮ ಪಂಚಾಯಿತಿಗೂ ಕಳಿಸಲಿ. ದಿವಾನರಿಗೆ ಸಾಧ್ಯವಾದದ್ದು ಮಂತ್ರಿಗಳಿಗೂ ಸಾಧ್ಯವಾಗಬೇಕು. ಕಂದಾಯ ಕಟ್ಟದವರನ್ನು, ಹೆಣ್ಣುಮಕ್ಕಳನ್ನು, ಕೂಲಿಕಾರರನ್ನು ಆ ಸಭೆಗೆ ತರುವುದಷ್ಟೇ ನಾವು ರಾಜರ ಕಾಲಕ್ಕಿಂತ ಮುಂದೆ ಬಂದಿರುವುದಕ್ಕೆ ಗುರುತಾಗಿ ಸಾಕು.

ನಮ್ಮೂರಿನ ಶಾಲೆಯ ಅರ್ಜಿಯ ಪ್ರತಿಯನ್ನು, ಟಪಾಲಿನ ಮೊಹರು ಮತ್ತು ಹಸಿರು ಇಂಕಿನ ಒಕ್ಕಣೆ ಸಹಿತ, ಇದರೊಂದಿಗೆ ಲಗತ್ತಿಸಿದ್ದೇನೆ. ತಮ್ಮ ಉತ್ತರ ಬಂದರೆ ಟೀ ಅಂಗಡಿಯಲ್ಲಿ ಆ ಹುಡುಗರ ಮುಂದೆ ಗಟ್ಟಿಯಾಗಿ ಓದುತ್ತೇನೆಂದು ಹೇಳಿಟ್ಟಿದ್ದೇನೆ. ಅಂಗಡಿಯವರು ಆ ದಿನದ ಟೀ ತಮ್ಮ ಲೆಕ್ಕದಲ್ಲಿ ಎಂದಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ,
ಮಂಡ್ಯ ಜಿಲ್ಲೆ